ಬೇಸಿನ್ ಮುಂದೆ ತಾಯಿ, ಮೈದಾನದಲ್ಲಿ ಮಗಳು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೆಂಗಳೂರಿಗೆ ಹತ್ತಿರದ ವಿಜಯಪುರದ ಹಳೆಯ ಬೀದಿಯೊಂದರ ತಗಡಿನ ಶೆಡ್ಡಿನಲ್ಲಿ ಆಗಲೇ ಒಲೆ ಉರಿಯುತ್ತಿದೆ, ಹಂಡೆಯಲ್ಲಿ ರೇಷ್ಮೆಗೂಡುಗಳು ಬೇಯುತ್ತಿವೆ. ಹಬೆಯ ನಡುವೆ ಸ್ಟೂಲಿನ ಮೇಲೆ ಕುಳಿತ ಮೆಹ್ನಾಜ್ ದುಪಟ್ಟಾವನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಮುಂದಿರುವ ಬೇಸಿನ್ನಿನ ಬಿಸಿನೀರಿಗೆ ಬಲಗೈ ಇಳಿಸುತ್ತಾರೆ. ಇಳಿಸುವಾಗ ಒಂದು ಸಲ ಹಲ್ಲು ಕಚ್ಚುತ್ತಾರೆ. ಆಮೇಲೆ ಮುಖದಲ್ಲಿ ಏನೂ ಕಾಣುವುದಿಲ್ಲ.

"ಮೊದ್ಲು ಮುಳುಗಿಸೋವಾಗ ಮಾತ್ರ ಉರಿ ಮೇಡಂ. ಸ್ವಲ್ಪ ಹೊತ್ತಾದ್ರೆ ಕೈ ಇದೆ ಅನ್ನೋದೇ ಮರ್ತೋಗುತ್ತೆ," ಎನ್ನುತ್ತಾರೆ. ಮಾತಾಡುತ್ತಲೇ ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕಿ, ನಾಲ್ಕಾರು ಎಳೆಗಳನ್ನು ಒಟ್ಟುಮಾಡಿ, ಮೇಲೆ ತಿರುಗುವ ರಾಟೆಗೆ ಹತ್ತಿಸುತ್ತಾರೆ. ಒಂದು ಗೂಡು ಮುಗಿಯುವಷ್ಟರಲ್ಲಿ ಇನ್ನೊಂದರ ಎಳೆ ಸೇರಿಸಬೇಕು, ತಡವಾದರೆ ನೂಲು ತುಂಡಾಗುತ್ತದೆ. ಗ್ಲೌಸ್ ಹಾಕಿಕೊಳ್ಳಬಾರದೇ ಎಂದು ನಾನು ಕೇಳುತ್ತೇನೆ. ಇಂಥ ಪ್ರಶ್ನೆಯನ್ನು ಎಷ್ಟು ಜನ ಕೇಳಿಹೋಗಿದ್ದಾರೋ, ಮೆಹ್ನಾಜ್ ನಗುತ್ತಾರೆ. "ಎಳೆ ಕಣ್ಣಿಗೆ ಕಾಣಲ್ಲ. ಬೆರಳಿಗೆ ಗೊತ್ತಾಗ್ಬೇಕು."

ಆ ಬೆರಳುಗಳನ್ನು ಹೇಗೆ ವರ್ಣಿಸಲಿ ಎಂದು ನನಗೆ ಗೊತ್ತಾಗುತ್ತಿಲ್ಲ. ತುದಿಯ ಚರ್ಮ ನೆನೆದು ಬೆಳ್ಳಗಾಗಿ, ಪದರ ಪದರವಾಗಿ ಎದ್ದಿದೆ. ಉಗುರಿನ ಸುತ್ತ ಬಿರುಕುಗಳಿವೆ. ಚರ್ಮ ಗಟ್ಟಿಯಾಗಲೆಂದು ಹಚ್ಚಿಕೊಂಡ ಮೆಹಂದಿ ಆ ಬಿರುಕುಗಳಲ್ಲಿ ಇಳಿದು ಕಪ್ಪಾಗಿದೆ. ಬೀದಿಯಲ್ಲಿ ನೋಡಿದವರು ಯಾರದೋ ಮದುವೆಗೆ ಹೋಗಿ ಬಂದಿದ್ದಾರೆ ಅಂದುಕೊಳ್ಳುತ್ತಾರಂತೆ. ತೋರುಬೆರಳು, ನಡುಬೆರಳು ಎರಡೂ ಅರ್ಧ ಬಾಗಿಯೇ ಇರುತ್ತವೆ.

ಶೆಡ್ಡಿನ ವಾಸನೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಗೂಡಿನೊಳಗೆ ಬೆಂದ ಹುಳದ ವಾಸನೆ ಅದು. ಮೊದಲ ದಿನ ನಾನು ಕರ್ಚೀಫು ಮೂಗಿಗೆ ಹಿಡಿದೆ, ನಾಚಿಕೆಯಾಗಿ ಮತ್ತೆ ಚೀಲಕ್ಕೆ ತುರುಕಿಕೊಂಡೆ. ಅಲ್ಲಿ ಕೆಲಸ ಮಾಡುವವರಿಗೆ ಮಾತ್ರ ಅದು ಗೊತ್ತೇ ಆಗುವುದಿಲ್ಲ. ಅವರ ಬಟ್ಟೆಗೆ, ಕೂದಲಿಗೆ, ಮನೆಯ ಹಾಸಿಗೆಗೆಲ್ಲ ಅದು ಹತ್ತಿಕೊಂಡಿದೆ. "ಯಾವ ವಾಸ್ನೆ ಮೇಡಂ?" ಎಂದು ಮೆಹ್ನಾಜ್ ನಿಜವಾಗಿಯೂ ಕೇಳುತ್ತಾರೆ.

ಈ ಬೇಸಿನ್ ಮೊದಲು ಅವರ ಅತ್ತೆ ಅನ್ವರ್ ಬೇಗಂ ಅವರದಾಗಿತ್ತು. ಸೊಸೆ ಮನೆಗೆ ಬಂದ ವರ್ಷವೇ ಅತ್ತೆ ಎದ್ದರು, ಸೊಸೆ ಕೂತರು. ಅನ್ವರ್ ಬೇಗಂ ಈಗ ಮನೆಯ ಬಾಗಿಲಲ್ಲಿ ಕೂತು ಬಿಸಿಲು ಕಾಯಿಸಿಕೊಳ್ಳುತ್ತಾರೆ. ಅವರ ಬೆರಳುಗಳಿಗೆ ಸೂಜಿ ಹಿಡಿಯಲು ಆಗುವುದಿಲ್ಲ, ಚಹಾದ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿಕೊಂಡು ಕುಡಿಯುತ್ತಾರೆ. ಮೆಹ್ನಾಜ್ ಗಂಡ ಉಮರ್ ತರಕಾರಿ ಟೆಂಪೊ ಓಡಿಸುತ್ತಾರೆ, ಬೆಂಗಳೂರಿನ ಮಾರ್ಕೆಟ್ಟಿಗೆ ಹೋದರೆ ಮನೆಗೆ ಬರುವುದು ಯಾವಾಗಲೋ. ಮಗಳು ಫಿಝಾ ಎಂಟನೇ ತರಗತಿ, ಹದಿಮೂರು ವರ್ಷ. ಅಜ್ಜಿ, ಅಮ್ಮ ಕೂತ ಜಾಗದಲ್ಲಿ ಮುಂದೆ ಕೂರಬೇಕಾದವಳು ಅವಳೇ ಎಂದು ಬೀದಿಯವರೆಲ್ಲ ಅಂದುಕೊಂಡಿದ್ದಾರೆ, ಮೆಹ್ನಾಜ್ ಒಬ್ಬರನ್ನು ಬಿಟ್ಟು.

"ಅವಳ ಕೈ ಈ ನೀರಿಗೆ ಬರಬಾರ್ದು. ನಂಗೆ ಬೇರೆ ಆಸೆ ಇಲ್ಲ. ಡಾಕ್ಟರ್ ಆಗ್ಲಿ, ಟೀಚರ್ ಆಗ್ಲಿ ಅಂತೆಲ್ಲ ನಾನು ಹೇಳೋಕೆ ಹೋಗಲ್ಲ," ಎನ್ನುತ್ತಾರೆ ಮೆಹ್ನಾಜ್.

ಇದೇ ಕಾರಣಕ್ಕೆ ಫಿಝಾ ಗೈಡ್ ಆಗಿದ್ದು. ಮಕ್ಕಳನ್ನು ಕೆಲಸಕ್ಕಿಟ್ಟುಕೊಳ್ಳುವಂತಿಲ್ಲ ಎಂಬ ಬೋರ್ಡು ಶೆಡ್ಡಿನ ಗೋಡೆಯ ಮೇಲೆ ದೊಡ್ಡದಾಗಿಯೇ ಇದೆ. ಆದರೆ ಮಾಲೀಕ ಜಾಫರ್ ಭಾಯ್, "ಕೆಲಸಕ್ಕಲ್ಲಮ್ಮಾ, ಶನಿವಾರ ಭಾನುವಾರ ಸುಮ್ನೆ ಕರ್ಕೊಂಡ್ಬಾ, ಕೂತು ನೋಡ್ಲಿ" ಎನ್ನಲು ಶುರುಮಾಡಿದ್ದರು. ಹಾಗೆ ಕೂತು ನೋಡಿದ ಹುಡುಗಿಯರು ಮುಂದಿನ ವರ್ಷ ಎಲ್ಲಿರುತ್ತಾರೆ ಎಂದು ಮೆಹ್ನಾಜ್‌ಗೆ ಗೊತ್ತು. ಅಷ್ಟರಲ್ಲಿ ಶಾಲೆಯ ಶಶಿರೇಖಾ ಮಿಸ್, ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ಹೆಣ್ಣುಮಕ್ಕಳ ಹೆಸರು ಕೇಳಿದರು. ತರಗತಿ ಯಾವಾಗ ಎಂದರೆ ಶನಿವಾರ ಮಧ್ಯಾಹ್ನ, ಭಾನುವಾರ ಬೆಳಗ್ಗೆ. ಮೆಹ್ನಾಜ್ ಮರುಮಾತಾಡದೆ ಹೂಂ ಅಂದರು.

"ದೇಶಸೇವೆ ಅಂತ ಸೇರಿಸ್ದೆ ಅಂದ್ರೆ ಸುಳ್ಳಾಗುತ್ತೆ ಮೇಡಂ. ಜಾಫರ್ ಭಾಯ್ ಕೇಳ್ದಾಗೆಲ್ಲ, 'ಅವಳಿಗೆ ಕ್ಲಾಸ್ ಐತೆ ಭಾಯ್' ಅನ್ನೋಕೆ ಒಂದು ನೆಪ ಸಿಕ್ತು."

ನೆಪಕ್ಕೆ ಸೇರಿದ್ದು ಮನೆಯನ್ನೇ ತುಂಬಿಕೊಂಡಿತು. ಬಟ್ಟೆ ಒಣಗಿಸುವ ಹಗ್ಗದ ತುಂಬ ತರಗತಿಯಲ್ಲಿ ಕಲಿತ ಗಂಟುಗಳು. ಸಮವಸ್ತ್ರಕ್ಕೆ ಇಸ್ತ್ರಿ ಬೇಕೆಂದು ಅದನ್ನು ಹಾಸಿಗೆಯ ಕೆಳಗಿಟ್ಟು, ಅದರ ಮೇಲೆ ಅಜ್ಜಿಯನ್ನು ಮಲಗಿಸುವುದು. ಹಾಲಿನವನು ಬಂದರೂ ಸೆಲ್ಯೂಟ್. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಬೇಕು ಎಂದು ಮಿಸ್ ಹೇಳಿಕೊಟ್ಟಿದ್ದರಿಂದ ಫಿಝಾ ಅಜ್ಜಿಯ ತಲೆ ಬಾಚಿದಳು, ಪಕ್ಕದ ಮನೆಯ ದ್ಯಾವಮ್ಮನಿಗೆ ನಲ್ಲಿಯಿಂದ ನೀರು ಹೊತ್ತಳು. ಪ್ರಥಮ ಚಿಕಿತ್ಸೆ ಕಲಿತ ದಿನ ಸಂಜೆ, ಅಮ್ಮನನ್ನು ಕೂರಿಸಿಕೊಂಡು ಬಲಗೈಯ ಬೆರಳುಗಳಿಗೆ ಒಂದೊಂದಾಗಿ ಬ್ಯಾಂಡೇಜು ಸುತ್ತಿದಳು. "ಹತ್ತು ದಿನ ನೀರು ಮುಟ್ಟಬಾರ್ದು ಅಮ್ಮಿ" ಎಂದಳು. ಮೆಹ್ನಾಜ್ ಆಯ್ತು ಅಂದರು. ಬೆಳಗ್ಗೆ ಶೆಡ್ಡಿನ ಬಾಗಿಲಲ್ಲಿ ಬಿಚ್ಚಿಟ್ಟು ಒಳಗೆ ಹೋದರು. ಸಂಜೆ ಅವಳು ಮತ್ತೆ ಸುತ್ತಿದಳು. ಹೀಗೆ ಎಷ್ಟೋ ದಿನ ನಡೆಯಿತು.

ಕಳೆದ ದಸರಾ ರಜೆಯ ಹೊತ್ತಿಗೆ ಆ ಬೆರಳುಗಳಲ್ಲಿ ಕೀವಾಯಿತು. ಮುಂಗೈವರೆಗೂ ಬಾವು ಬಂತು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಒಂದು ತಿಂಗಳೊಳಗೆ ನೀರಿಗೆ ಕೈ ಹಾಕಿದರೆ ಬೆರಳೇ ಹೋದೀತು ಎಂದು ಗದರಿದರು. ಆದರೆ ಈ ಶೆಡ್ಡುಗಳಲ್ಲಿ ಒಂದು ಪದ್ಧತಿ ಇದೆ. ಬರಲಾಗದಿದ್ದರೆ ತಮ್ಮ ಜಾಗಕ್ಕೆ ತಾವೇ ಒಬ್ಬರನ್ನು ಬದಲಿಗೆ ಕಳಿಸಬೇಕು. ಕಳಿಸದಿದ್ದರೆ ಬೇಸಿನ್ ಬೇರೆಯವರ ಪಾಲು. ಗೂಡು ಕಾಯುವುದಿಲ್ಲ, ಬಿಟ್ಟರೆ ಚಿಟ್ಟೆ ಕೊರೆದು ಹೊರಬರುತ್ತದೆ. ಮೆಹ್ನಾಜ್‌ಗೆ ಬದಲಿ ಯಾರೂ ಸಿಗಲಿಲ್ಲ. ಜ್ವರದಲ್ಲಿ ಮಲಗಿ, ಹೋದರೆ ಹೋಗಲಿ ಎಂದುಕೊಂಡರು. ಆದರೆ ಶೆಡ್ಡಿನಿಂದ ಯಾರೂ ಏನೂ ಹೇಳಿಕಳಿಸಲಿಲ್ಲ. ಜಾಫರ್ ಭಾಯ್ ದೊಡ್ಡ ಮನಸ್ಸು ಮಾಡಿ ಜಾಗ ಉಳಿಸಿದ್ದಾರೆ ಎಂದು ಮೆಹ್ನಾಜ್ ನಂಬಿದರು. ನಮಾಜಿನಲ್ಲಿ ಅವರ ಹೆಸರೆತ್ತಿ ದುವಾ ಕೇಳಿದರು.

ಆ ರಜೆಯಲ್ಲಿ ಫಿಝಾ ದಿನಾ ಬೆಳಗ್ಗೆ ಸಮವಸ್ತ್ರ ತೊಟ್ಟು, ಸ್ಕಾರ್ಫು ಕಟ್ಟಿಕೊಂಡು ಹೊರಡುತ್ತಿದ್ದಳು. ರಾಜ್ಯೋತ್ಸವದ ಪಥಸಂಚಲನಕ್ಕೆ ಪ್ರಾಕ್ಟೀಸ್ ಎಂದು ಹೇಳಿದ್ದಳು. "ಮಲಗಿದ್ದಲ್ಲಿಂದ್ಲೇ ನೋಡ್ತಿದ್ದೆ. ನನ್ನ ಕೈ ಹಿಂಗಾದ್ರೂ ಮಗಳು ಗ್ರೌಂಡಲ್ಲಿದಾಳಲ್ಲ ಅಂತ ಖುಷಿಯಾಗ್ತಿತ್ತು," ಎನ್ನುವಾಗ ಮೆಹ್ನಾಜ್ ರಾಟೆಯನ್ನೇ ನೋಡುತ್ತಿದ್ದಾರೆ.

ಪ್ರಾಕ್ಟೀಸ್ ಇರಲಿಲ್ಲ. ಶಾಲೆಯ ಗೇಟಿಗೆ ಬೀಗ ಬಿದ್ದಿತ್ತು. ಅಮ್ಮ ಜಾಫರ್ ಭಾಯ್‌ಗೆ ಹೇಳಿಕೊಂಡು ಬಂದ ನೆಪವನ್ನೇ ಮಗಳು ಅಮ್ಮನಿಗೆ ಹೇಳಿದ್ದಳು. ಹಿಂದಿನ ಬಾಗಿಲಿನಿಂದ ಶೆಡ್ಡಿಗೆ ಹೋಗಿ, ಸ್ಕಾರ್ಫು ಬಿಚ್ಚಿ ಮೊಳೆಗೆ ನೇತುಹಾಕಿ, ಅಮ್ಮನ ಸ್ಟೂಲಿನ ಮೇಲೆ ಬದಲಿಯಾಗಿ ಕೂರುತ್ತಿದ್ದಳು. ಸಂಜೆ ಬಂದಾಗ ಅವಳ ಬಟ್ಟೆಯಿಂದ ಬರುತ್ತಿದ್ದ ವಾಸನೆ ಬೇರೆ ಯಾರ ತಾಯಿಗಾದರೂ ಮೊದಲ ದಿನವೇ ಗೊತ್ತಾಗುತ್ತಿತ್ತು. ಈ ತಾಯಿಯ ಮೂಗಿಗೆ ಅದು ಮನೆಯ ವಾಸನೆಯೇ ಆಗಿತ್ತು.

ಗೊತ್ತಾಗಿದ್ದು ರಜೆ ಮುಗಿದು ಶಾಲೆ ತೆರೆದ ಶನಿವಾರವೇ. ಶನಿವಾರದ ಗೈಡ್ಸ್ ತರಗತಿಯಲ್ಲಿ ಮಕ್ಕಳು ಸಾಲಾಗಿ ನಿಂತು ಉಗುರು ತೋರಿಸಬೇಕು. ಫಿಝಾ ಕೈ ಮುಂದೆ ಚಾಚಿದಳು. ಬೆರಳ ತುದಿಗಳಲ್ಲಿ ಗುಳ್ಳೆ ಒಡೆದು ಚರ್ಮ ಸುಲಿದಿತ್ತು. ಶಶಿರೇಖಾ ಮಿಸ್ ಹೇಳಿಕಳಿಸಿದರು. ಸಮವಸ್ತ್ರದ ವಿಷಯ ಇರಬೇಕು ಎಂದುಕೊಂಡೇ ಮೆಹ್ನಾಜ್ ಹೋದರು.

"ನಾನು ಸ್ವಲ್ಪ ಒರಟಾಗೇ ಕೇಳ್ಬಿಟ್ಟೆ, 'ನೀವೇ ಕಳ್ಸಿದ್ರಾ' ಅಂತ," ಶಶಿರೇಖಾ ನೆನಪಿಸಿಕೊಳ್ಳುತ್ತಾರೆ. "ಆಕೆ ಮಗಳ ಕೈ ಹಿಡ್ಕೊಂಡು ನೋಡ್ತಾನೇ ಇದ್ರು. ಅಷ್ಟರಲ್ಲಿ ಫಿಝಾ ಹೇಳಿದ್ಲು, 'ದಿನಕ್ಕೊಂದು ಒಳ್ಳೇ ಕೆಲಸ ಮಾಡ್ಬೇಕು ಅಂತ ನೀವೇ ಹೇಳಿದ್ರಲ್ಲ ಮಿಸ್.' ಇಷ್ಟು ವರ್ಷದಿಂದ ಆ ಪಾಠ ಮಾಡ್ತಾ ಇದೀನಿ."

ಮನೆಗೆ ಬಂದು ಮೆಹ್ನಾಜ್ ಮಗಳಿಗೆ ಹೊಡೆದರು. ಬಾವಿಳಿಯದ ಕೈಯಲ್ಲೇ ಹೊಡೆದರು. ಹೊಡೆಯುವುದನ್ನು ನಿಲ್ಲಿಸಿದ್ದು ಅನ್ವರ್ ಬೇಗಂ, "ಅವಳಿಗ್ಯಾಕೆ ಹೊಡೀತೀಯ, ಹೋಗು ಅಂದೋಳು ನಾನು" ಅಂದಾಗ. ಆ ಮಾತನ್ನು ಮುದುಕಿ ನನ್ನೆದುರೂ ಮುಚ್ಚಿಡುವುದಿಲ್ಲ. "ಬೇಸಿನ್ ಹೋದ್ರೆ ಮತ್ತೆ ಕೊಡೋರು ಯಾರು? ನಮ್ಮನೇಲಿ ಇರೋದು ಅದೊಂದೇ. ನಂಗೆ ಕೈ ಇದ್ದಿದ್ರೆ ನಾನೇ ಹೋಗ್ತಿದ್ದೆ," ಎಂದು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳುತ್ತಾರೆ. ಆ ಮನೆಯಲ್ಲಿ ಯಾರ ಮೇಲೆ ಸಿಟ್ಟಾಗಬೇಕೆಂದು ನನಗೆ ತಿಳಿಯಲಿಲ್ಲ. ಸಿಟ್ಟು ಬಂದಿದ್ದಂತೂ ನಿಜ.

ಮಾರನೆಯ ದಿನವೇ ಮೆಹ್ನಾಜ್ ಕೆಲಸಕ್ಕೆ ಹೋದರು. ಡಾಕ್ಟರು ಹೇಳಿದ ಗಡುವು ಮುಗಿದಿರಲಿಲ್ಲ. ಎರಡು ಬೆರಳು ಅಂದಿನಿಂದ ನೆಟ್ಟಗಾಗಿಲ್ಲ. ಮಗಳನ್ನು ಯಾಕೆ ಒಳಗೆ ಬಿಟ್ಟಿರಿ ಎಂದು ಜಾಫರ್ ಭಾಯ್‌ರನ್ನು ಕೇಳಿದಾಗ, ಅವರು ಕೆಟ್ಟವರಂತೇನೂ ಮಾತಾಡಲಿಲ್ಲ. "ನಾನು ಕರೀಲಿಲ್ಲ ಮೆಹ್ನಾಜ್, ಅವಳೇ ಬಂದ್ಲು. ನಿನ್ನ ಬೇಸಿನ್ ಉಳಿಸಿದ್ದೇ ಅವಳು" ಎಂದರು. ಆಮೇಲೆ, "ಹುಡುಗಿ ಕೈ ಚುರುಕಿದೆ ಕಣಮ್ಮ, ನಿನಗಿಂತ" ಎಂದು ಸೇರಿಸಿದರು.

ಗೈಡ್ ಆಗಿ ಫಿಝಾಳ ದೀಕ್ಷೆ ಆದದ್ದು ಡಿಸೆಂಬರಿನಲ್ಲಿ, ಶಾಲೆಯ ಮೈದಾನದ ಹೊಂಗೆಮರದ ಕೆಳಗೆ. ಅವಳು ಮೂರು ಬೆರಳೆತ್ತಿ ಪ್ರತಿಜ್ಞೆ ಹೇಳಿದಳು. ಬೇರೆಯವರಿಗೆ ಸಹಾಯ ಮಾಡುತ್ತೇನೆ ಎಂಬ ಮಾತು ಬಂದಾಗ ಮೆಹ್ನಾಜ್ ತಲೆ ತಗ್ಗಿಸಿದರಂತೆ. ಅದಕ್ಕೂ ಮುಂಚೆ ಅವರು ಮಿಸ್ ಬಳಿ ಹೋಗಿ ಒಂದು ಬೇಡಿಕೆ ಇಟ್ಟಿದ್ದರು. ಬೇಸಿನ್ ಹತ್ತಿರ ಹೋಗುವುದಿಲ್ಲ ಎಂಬುದನ್ನೂ ಆ ಪ್ರತಿಜ್ಞೆಗೆ ಸೇರಿಸಲು ಆಗುತ್ತದೆಯೇ? ತಾನು ಹೇಳಿದರೆ ಮಗಳು ಕೇಳುವುದಿಲ್ಲ, ಪ್ರತಿಜ್ಞೆಯಲ್ಲಿದ್ದರೆ ಕೇಳುತ್ತಾಳೆ ಎಂದು. ಅದರ ಮಾತುಗಳನ್ನು ಯಾರೂ ಬದಲಿಸುವ ಹಾಗಿಲ್ಲ ಎಂದು ಶಶಿರೇಖಾ ಹೇಳಬೇಕಾಯಿತು. ಕಾರ್ಯಕ್ರಮ ಮುಗಿದ ಮೇಲೆ ಮಿಸ್ ತಾಯಂದಿರಿಗೆಲ್ಲ ಗೈಡ್ಸ್ ರೀತಿಯಲ್ಲಿ ಎಡಗೈ ಕೊಟ್ಟು ಕುಲುಕಿದರು.

"ನಮ್ಮಲ್ಲಿ ಎಡಗೈ ಕೊಡೋದು ತಪ್ಪು. ಆದ್ರೆ ಅವತ್ತು ನಂಗೆ ಅದೇ ವಾಸಿ ಅನ್ಸ್ತು. ಬಲಗೈ ದುಪಟ್ಟಾ ಒಳಗೇ ಇಟ್ಕೊಂಡೆ," ಎನ್ನುತ್ತಾರೆ ಮೆಹ್ನಾಜ್.

ಫಿಝಾ ಈಗ ವಾರ ತಪ್ಪಿಸದೆ ಮೈದಾನಕ್ಕೆ ಹೋಗುತ್ತಾಳೆ, ಹೋಗಿದ್ದು ನಿಜವೇ ಎಂದು ಮಿಸ್ ಫೋನಿನಲ್ಲಿ ತಿಳಿಸುತ್ತಾರೆ. ಅಮ್ಮನ ಜೊತೆ ಮಾತು ಕಡಿಮೆಯಾಗಿದೆ. ಬ್ಯಾಂಡೇಜು ಸುತ್ತುವುದನ್ನು ಬಿಟ್ಟಿದ್ದಾಳೆ. "ಹೆಂಗೂ ಬಿಚ್ತಾರೆ" ಎಂದಷ್ಟೇ ಅವಳು ನನಗೆ ಹೇಳಿದ್ದು.

ಇತ್ತ ಬೇಸಿನ್ ಮುಂದೆ ಮೆಹ್ನಾಜ್‌ರ ಎಳೆ ಆಗಾಗ ತುಂಡಾಗುತ್ತಿದೆ. ಬಾಗಿದ ಬೆರಳಿಗೆ ತುದಿ ಸಿಗುವುದಿಲ್ಲ, ಸಿಕ್ಕರೂ ಸಿಕ್ಕಿದ್ದು ಗೊತ್ತಾಗುವುದಿಲ್ಲ. ನಾನು ನೋಡುತ್ತಿರುವಾಗಲೇ ಎರಡು ಸಲ ರಾಟೆ ನಿಲ್ಲಿಸಿದರು. ಪಕ್ಕದ ಬೇಸಿನ್ನಿನವರು ನೋಡಿಯೂ ನೋಡದಂತೆ ಇದ್ದರು. ಜಾಫರ್ ಭಾಯ್ ಮಾತ್ರ ಬಂದು ನಿಂತು, ಬೈಯದೆ, "ಬೇಸಿಗೆ ರಜೆ ಯಾವಾಗಿಂದ ನಿನ್ನ ಮಗಳಿಗೆ?" ಎಂದು ಕೇಳಿಹೋದರು.

ರಜೆ ಏಪ್ರಿಲ್‌ನಲ್ಲಿ ಶುರು. ಶಾಲೆ ಮುಚ್ಚಿದರೆ ಗೈಡ್ಸ್ ತರಗತಿಯೂ ಇಲ್ಲ, ನಡುವೆ ಕೆಲವು ದಿನದ ಶಿಬಿರವೊಂದಿದ್ದರೆ ಇದ್ದೀತು. ಮೆಹ್ನಾಜ್ ಇದನ್ನೆಲ್ಲ ಆಗಲೇ ವಿಚಾರಿಸಿಕೊಂಡಿದ್ದಾರೆ. ನಾನು ಹೊರಡಲು ಎದ್ದಾಗ ನೀರಿನಿಂದ ಕೈ ತೆಗೆದು, ಒರೆಸಿಕೊಳ್ಳದೆ ಹಾಗೇ ಬಾಗಿಲವರೆಗೆ ಬರುತ್ತಾರೆ.

"ನನ್ನ ಬಗ್ಗೆ ಏನು ಬರೀತೀರೋ ಬರೀರಿ ಮೇಡಂ. ಆ ಮಿಸ್‌ಗೆ ನೀವು ಹೇಳಿದ್ರೆ ಕೇಳ್ತಾರೆ. ರಜೇಲೂ ಮಕ್ಳನ್ನ ಕರೀಲಿ. ಏನೂ ಹೇಳ್ಕೊಡ್ದಿದ್ರೂ ಪರ್ವಾಗಿಲ್ಲ, ಸಂಜೆ ತನಕ ಗ್ರೌಂಡಲ್ಲಿ ಸುಮ್ನೆ ನಿಲ್ಲಿಸ್ಕೊಳ್ಲಿ. ಬಿಸಿಲಿರುತ್ತೆ ಅಂತಾರೆ. ಇರ್ಲಿ. ಬಿಸಿಲಿಗೆ ಚರ್ಮ ಕಪ್ಪಾಗುತ್ತೆ, ಅಷ್ಟೇ. ಸುಲಿದೋಗಲ್ಲ."