ತಣ್ಣಗಿದ್ದರೆ ಬದುಕುವ ಯೀಸ್ಟ್

ಎಂಬತ್ತರ ದಶಕದ ಆರಂಭದಲ್ಲಿ ರಾಯಚೂರಿನ ಕಾಲೇಜೊಂದಕ್ಕೆ ಪಾಠ ಹೇಳಲು ಬಂದಾಗ, ಅರ್ಧಕ್ಕೆ ಬಿಟ್ಟ ಸಂಶೋಧನೆಯಿಂದ ನನ್ನಲ್ಲಿ ಉಳಿದದ್ದು ಒಂದೇ ಒಂದು ಗಾಜಿನ ನಳಿಕೆ. ಅದರೊಳಗೆ ಯೀಸ್ಟ್. ಮಾಮೂಲಿನದಲ್ಲ, ಐಬು ಇದ್ದದ್ದು. ಜೀವಕೋಶದಲ್ಲಿ ಆರ್‌ಎನ್‌ಎ ಹುಟ್ಟುವಾಗ ನಡುನಡುವೆ ಬೇಡದ ತುಂಡುಗಳಿರುತ್ತವೆ. ಅವನ್ನು ಕತ್ತರಿಸಿ ಉಳಿದದ್ದನ್ನು ಜೋಡಿಸಲು ಪ್ರೋಟೀನುಗಳು ಬೇಕು. ನನ್ನ ಯೀಸ್ಟಿನಲ್ಲಿ ಅಂಥ ಒಂದು ಪ್ರೋಟೀನು ತಣ್ಣಗಿದ್ದರೆ ನೆಟ್ಟಗೆ ಕೆಲಸ ಮಾಡುತ್ತಿತ್ತು. ಬಿಸಿ ತಾಗಿದರೆ ಆಕಾರ ಸಡಿಲವಾಗಿ ಕೆಲಸ ನಿಲ್ಲುತ್ತಿತ್ತು, ಯೀಸ್ಟು ಸಾಯುತ್ತಿತ್ತು. ಅಂಥದ್ದನ್ನು ರಾಯಚೂರಿಗೆ ತಂದ ನನ್ನ ಬುದ್ಧಿಗೆ ಏನೆನ್ನಬೇಕು!

ಬೇಸಿಗೆಗೆ ಮುಂಚೆ ರಜೆ ಹಾಕಿ, ಗುರುಗಳ ಲ್ಯಾಬಿಗೆ ಮರಳಿ ಕೆಲಸ ಮುಗಿಸಬೇಕೆಂದಿದ್ದೆ. ಅಲ್ಲಿಯವರೆಗೆ ಅದು ಬದುಕಿರಬೇಕು. ಕಾಲೇಜಿನಲ್ಲಿ ಫ್ರಿಜ್ ಇರಲಿಲ್ಲ. ಬಾಡಿಗೆ ಕೋಣೆಯಲ್ಲಿ ನೀರಿನ ಗಡಿಗೆಯ ಬುಡದ ಹಸಿ ಮರಳಲ್ಲಿ ನಳಿಕೆ ಹೂತು, ಒದ್ದೆ ಬಟ್ಟೆ ಸುತ್ತುತ್ತಿದ್ದೆ. ಸಹೋದ್ಯೋಗಿಗಳಿಗೆ ಹೇಳಲು ಹೋದರೆ ವರ್ಗಾವಣೆಯ ಮಾತು ತೆಗೆಯುತ್ತಿದ್ದರು. ಸಂಜೆ ಬಾಗಿಲು ಹಾಕಿಕೊಂಡು ನಳಿಕೆಯೊಂದಿಗೇ ಮಾತಾಡುವುದು ರೂಢಿಯಾಯಿತು. ನಾಚಿಕೆಯೇನಿಲ್ಲ, ಬೇರೆ ಯಾರಿದ್ದರು?

ಸಂಕ್ರಾಂತಿ ರಜೆ ಬಂತು. ಬಟ್ಟೆ ಒದ್ದೆ ಮಾಡುವವರಿಲ್ಲವೆಂದು ನಳಿಕೆಯನ್ನು ಮಡಿಲಲ್ಲಿಟ್ಟುಕೊಂಡು, ಗಬ್ಬೂರಿನ ಮೇಲಿಂದ ಹೋಗುವ ಬಸ್ಸಿನಲ್ಲಿ ದೇವದುರ್ಗದ ಅಕ್ಕನ ಮನೆಗೆ ಹೋದೆ. ಅಕ್ಕ ಬಸ್ ನಿಲ್ದಾಣದ ಬಳಿ ದೋಸೆ ಮಾರುತ್ತಿದ್ದಳು. ಇದೇನೆಂದು ಕೇಳಿದಳು. ಎಲ್ಲ ಬಿಡಿಸಿ ಹೇಳಲು ಬೇಜಾರಾಗಿ, ನಿನ್ನ ಹಿಟ್ಟು ಹುಳಿ ಬರಿಸುವಂಥದೇ ಒಂದು ಜೀವ ಎಂದುಬಿಟ್ಟೆ.

ಮೂರನೆಯ ದಿನ ಬೆಳಿಗ್ಗೆ, ಹಿತ್ತಲಿನ ಹಸಿ ಮರಳಲ್ಲಿ ನಾನು ಹೂತಿಟ್ಟಿದ್ದ ನಳಿಕೆ ಇರಲಿಲ್ಲ. ಒಲೆಯ ಪಕ್ಕ, ಹಿಟ್ಟಿನ ಪಾತ್ರೆಗೆ ಆನಿಸಿ, ಅರಿವೆ ಹೊದಿಸಿ ಇಟ್ಟಿದ್ದಳು. ಗಾಜು ಕೈಗೆ ಸುಡುತ್ತಿತ್ತು. ಬಾಯಿಗೆ ಬಂದಂತೆ ಬೈದೆ. ಹಂಚಿನ ಮುಂದೆಯೇ ಬದುಕು ಕಳೆದವಳಿಗೆ ಏನು ಗೊತ್ತು ಎಂದೂ ಅಂದೆ.

ಅಕ್ಕ ತಿರುಗಿ ಬೈಯಲಿಲ್ಲ.

"ಥಂಡಿಗೆ ಹಿಟ್ಟು ಹುಳಿ ಬರಂಗಿಲ್ಲ. ಇದೂ ಥಂಡಿಗೆ ಸತ್ತೀತು ಅಂತ ಇಟ್ನಿ," ಅಂದಳು. ಹಂಚಿಗೆ ನೀರು ಚಿಮುಕಿಸಿ, "ಹಿತ್ತಲದಾಗ ನೀ ಅದರ ಕೂಡ ಮಾತಾಡೂದು ಕೇಳೀನಿ. ಅದೂ ಹೋದ್ರ ನಿನಗ ಯಾರದಾರ?" ಅಂದಳು.

ರಾಯಚೂರಿಗೆ ಮರಳಿ, ಯೀಸ್ಟನ್ನು ಚೂರು ತೆಗೆದು ಹೊಸ ನಳಿಕೆಗೆ ಹಚ್ಚಿ ವಾರ ಕಾದರೂ ಏನೂ ಬೆಳೆಯಲಿಲ್ಲ. ಗುರುಗಳನ್ನು ಇನ್ನೊಂದು ಕೇಳಲು ಮುಖವಿರಲಿಲ್ಲ. ಸಂಶೋಧನೆ ಅಲ್ಲಿಗೇ ನಿಂತಿತು. ಅದಕ್ಕೆ ಈಗ ಅಷ್ಟು ದುಃಖವಿಲ್ಲ. ನೀನಿದ್ದೀಯಲ್ಲ ಅಕ್ಕ ಎಂದು ಅವತ್ತೇ ಹೇಳಬೇಕಿತ್ತು. ನಾನು ಹೇಳಲಿಲ್ಲ. ಅವಳು ಕಟ್ಟಿಕೊಟ್ಟ ಬುತ್ತಿಯನ್ನೂ ಬಿಟ್ಟು ಬಸ್ಸು ಹತ್ತಿದ್ದೆ.