ಬೆಲ್ಟಿನ ವಯಸ್ಸು ಹೇಳಿದ ಗೌರಿ

ಗೆಳೆಯರೇ, ನಾನು ಓದಿದ್ದು ಐದನೇ ಕ್ಲಾಸು. ನನ್ನ ಕೋಳಿಕಾಲು ಅಕ್ಷರ ಮೊಬೈಲಿನಲ್ಲಿ ಕಾಣುವುದಿಲ್ಲ, ಕಾಗುಣಿತದ ತಪ್ಪು ಕಂಡರೆ ಮನ್ನಿಸಿ.

ಅಕ್ಕನಿಗೆ ಈ ವಾರವೇ ಹೆರಿಗೆ. ಹನಗೋಡಿನಿಂದ ಹುಣಸೂರು ಆಸ್ಪತ್ರೆಗೆ ನಮ್ಮ ಹಳೇ ವ್ಯಾನೇ ಗತಿ. ಅದಕ್ಕೇ ಬೆಳಿಗ್ಗೆ ಮೆಕ್ಯಾನಿಕ್ ಸ್ವಾಮಣ್ಣನನ್ನು ಮನೆಗೆ ಕರೆಸಿದೆ.

"ಟೈಮಿಂಗ್ ಬೆಲ್ಟ್ ಆಕ್ಸಿ ಎಷ್ಟು ದಿನ ಆಯ್ತ್ಲಾ? ಐದು ವರ್ಷ ಆಗಿದ್ರೆ ಬದಲಾಯಿಸ್ಬೇಕು. ಅದು ಕಿತ್ತೋದ್ರೆ ಗಾಡಿ ನಡುದಾರೀಲೇ ನಿಂತೋಯ್ತದೆ ಕಣ್ಲಾ" ಎಂದ.

ಕಿಲೋಮೀಟರ್ ನೋಡೋಣವೆಂದರೆ ಮೀಟರ್ ಕೆಟ್ಟು ಎಷ್ಟೋ ಕಾಲವಾಗಿದೆ.

"ಮೊನ್ನೆ ಮೊನ್ನೆ ಆಕ್ಸಿದ್ದು. ಓಡೋ ಗಾಡೀನ ಯಾಕ್ಲಾ ಬಿಚ್ಚುಸ್ತೀಯ?" ಎಂದರು ಅಪ್ಪ.

ಹಾಲು ಕರೆಯುತ್ತಿದ್ದ ಅವ್ವ ಕೊಟ್ಟಿಗೆಯಿಂದಲೇ ಕೂಗಿದಳು: "ಅವತ್ತು ಬಿಚ್ಚಿದ ಬೆಲ್ಟಲ್ಲೇ ಅಲ್ವಾ ನೀವು ಕೊಟ್ಟಿಗೆ ಬಾಗ್ಲು ಕಟ್ಟಿದ್ದು? ಆಗ ಈ ಗೌರಿ ಎಳೆಗರ. ಈಗ ಮೂರನೇ ಸೂಲು ಕಣ್ರೀ!"

ಸ್ವಾಮಣ್ಣ ಬೆರಳು ಮಡಚಿದ. "ಮೊದ್ಲು ಕರ ಆಕಕ್ಕೆ ಮೂರು ವರ್ಷ, ಆಮೇಲೆ ಇನ್ನೆರಡು ಸೂಲು... ಐದು ದಾಟ್ತಲ್ಲ ಗೌಡ್ರೇ!"

ಅಪ್ಪ ಇಂಜಿನ್ ಮೇಲಿನ ಸೀಟನ್ನು ತಾವೇ ಎತ್ತಿಕೊಟ್ಟರು. ಅಕ್ಕ ನಕ್ಕಳು: "ಹೆಣ್ಣಾದ್ರೆ ಗೌರಿ ಅಂತ್ಲೇ ಹೆಸರಿಡ್ತೀನಿ ಬುಡಿ."

ಹೊಸ ಬೆಲ್ಟ್ ಕೂತ ಮೇಲೆ ನಾನು ಪೇಂಟು ತಂದು ವ್ಯಾನಿನ ಬಾಗಿಲ ಒಳಗೆ ಇವತ್ತಿನ ತಾರೀಕು ಬರೆದೆ. ಕೋಳಿಕಾಲಾದರೂ ಸರಿ, ಮುಂದಿನ ಸಲ ಹಸುವನ್ನು ಕೇಳಬೇಕಾಗಿಲ್ಲ.