ಗಾಳಿಪಟಕ್ಕೆ ದಾರ ಬರೆಯದ ಟೀಚರಮ್ಮ

ಆ ಟೀಚರಮ್ಮ ಗಾಳಿಪಟ ಬರೆದರೆ ಅದಕ್ಕೆ ದಾರ ಬರೆಯುತ್ತಿರಲಿಲ್ಲ. ಬಾವಿ ಬರೆದರೆ ಹಗ್ಗ ಬರೆಯುತ್ತಿರಲಿಲ್ಲ. ಮೀನು, ಆಮೆ, ಒಂದು ಪುಟ್ಟ ತೆಪ್ಪ ಬರೆದು ಹೊಳೆಯನ್ನೇ ಬಿಟ್ಟಿರುತ್ತಿದ್ದರು. ಬಿಟ್ಟದ್ದನ್ನು ಪೂರ್ತಿ ಮಾಡುತ್ತಿದ್ದದ್ದು ನನ್ನ ಜೆರಾಕ್ಸ್ ಮಿಷನ್ನು. ಅದು ಹೇಗೆ ಎಂದು ಹೇಳಹೋದರೆ ನಾನು ಮಾಡಿದ ಕೆಲಸವನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಇಷ್ಟು ದಿನ ತಳ್ಳಿಕೊಂಡು ಬಂದೆ. ಅಂಗಡಿ ಮುಚ್ಚಿದ ಮೇಲೆ ಬರೆಯೋಣ ಅಂದುಕೊಂಡೆ. ಮುಚ್ಚಿ ಮೂರು ವರ್ಷವಾಯಿತು. ಕಣ್ಣಿನ ಆಪರೇಷನ್ ಆಗಲಿ ಅಂದೆ. ಎರಡು ಕಣ್ಣಿಗೂ ಆಯಿತು. ಇನ್ನು ನೆಪ ಉಳಿದಿಲ್ಲ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ನಂಜನಗೂಡಿನ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲೇ ಜೆರಾಕ್ಸ್ ಅಂಗಡಿ ಇಟ್ಟಿದ್ದೆ. ಪಹಣಿ, ಆಧಾರ್, ಜಾತಿ ಸರ್ಟಿಫಿಕೇಟು, ಹಾಲ್ ಟಿಕೆಟ್ಟು, ಇವೇ ಬರುತ್ತಿದ್ದವು. ತರುವವರೆಲ್ಲ ಅವಸರದವರು. ಅವಸರವಿಲ್ಲದೆ ಬರುತ್ತಿದ್ದವರು ಈ ಟೀಚರಮ್ಮ ಒಬ್ಬರೇ. ದೇವನೂರಿನ ಕಡೆಯ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನವರೆಗೆ ಮೂರನ್ನೂ ಒಂದೇ ರೂಮಿನಲ್ಲಿ ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ಶನಿವಾರ ಬೆಳಗಿನ ಸ್ಕೂಲು ಬಿಟ್ಟ ಮೇಲೆ ಬಸ್ಸಿನಲ್ಲಿ ಬಂದು ಇಳಿಯುತ್ತಿದ್ದರು. ಕೈಯಲ್ಲಿ ಹಳೆಯ ಸೀರೆಯ ಅಂಚಿನಿಂದ ಕಟ್ಟಿದ ಒಂದು ರಟ್ಟಿನ ಫೈಲು. ನನ್ನನ್ನು ಅಣ್ಣಾ ಎನ್ನುತ್ತಿದ್ದರು. ಅಂಗಡಿಯಲ್ಲಿ ಜನ ಇದ್ದರೆ ಪಕ್ಕಕ್ಕೆ ಸರಿದು ನಿಂತು, ‘ಅವ್ರ್ಗೆ ಬಸ್ಸೈತೆ, ಮೊದ್ಲು ಅವ್ರ್‌ದು ಮಾಡ್ಕೊಡಿ ಅಣ್ಣಾ’ ಎನ್ನುವರು. ತಮಗೂ ಬಸ್ಸು ಇದೆ ಅನ್ನುವುದು ಅವರಿಗೆ ನೆನಪಾಗುತ್ತಲೇ ಇರಲಿಲ್ಲ.

ಆ ಫೈಲಿನಲ್ಲಿ ಇರುತ್ತಿದ್ದವು ಮಕ್ಕಳಿಗೆ ಅಂತ ಅವರು ಕೈಯಲ್ಲೇ ಬರೆದ ಹಾಳೆಗಳು. ಅಕ್ಷರ ತಿದ್ದುವುದು, ಒತ್ತಕ್ಷರ, ಚಿತ್ರ ನೋಡಿ ಹೆಸರು ಬರೆಯುವುದು, ಒಂದಿದ್ದರೆ ಹೇಗೆ ಹಲವಿದ್ದರೆ ಹೇಗೆ, ಕೂಡುವ ಕಳೆಯುವ ಲೆಕ್ಕ. ಪ್ರತಿ ಹಾಳೆಯ ತಲೆಯಲ್ಲಿ ‘ಹೆಸರು’ ಅಂತ ಬರೆದು ಮುಂದೆ ಚುಕ್ಕಿ ಸಾಲು. ‘ಪುಟ್ಟಗೌರಿಯ ಹತ್ತಿರ ಒಂಬತ್ತು ರಸಬಾಳೆ ಇದ್ದವು. ನಾಲ್ಕನ್ನು ಅಜ್ಜಿಗೆ ಕೊಟ್ಟಳು. ಉಳಿದವು ಎಷ್ಟು?’ ಪುಟ್ಟಗೌರಿ ನಿಜವಾಗಿ ಅವರ ಕ್ಲಾಸಿನಲ್ಲಿದ್ದ ಹುಡುಗಿ. ಯಾವ ಮಗುವಿನ ಹೆಸರೂ ತಪ್ಪುತ್ತಿರಲಿಲ್ಲ. ವರ್ಷ ಮುಗಿಯುವುದರೊಳಗೆ ಎಲ್ಲರದೂ ಒಂದಲ್ಲ ಒಂದು ಹಾಳೆಯಲ್ಲಿ ಬಂದಿರುತ್ತಿತ್ತು. ಜೂನ್ ತಿಂಗಳು ಬಂದರೆ ಹಳೆಯ ಹೆಸರಿನ ಮೇಲೆ ಹೊಸ ಹೆಸರಿನ ಚೀಟಿ ಅಂಟಿಸಿ ತರುವರು. ಹೋದ ವರ್ಷದ್ದನ್ನೇ ತೆಗೆದುಕೊಟ್ಟರೆ ಆಗೋದಿಲ್ಲವೇ ಅಂತ ಒಂದು ಸಲ ಕೇಳಿದೆ.

‘ಬ್ಯಾರೆ ಮಗೀನ ಅಂಗಿ ತೊಡ್ಸಿದಂಗೆ ಆಯ್ತದಣ್ಣ. ಮೊದ್ಲು ತನ್ ಹೆಸ್ರ ಓದ್ಲಿ. ಆಮೇಲೆ ಬಾಳೆಹಣ್ಣ ಎಣಿಸ್ತದೆ’ ಎಂದರು.

ಆ ಮಾತಿನ ಅರ್ಥ ಗೊತ್ತಾದದ್ದು ಮುಂದೊಂದು ಶನಿವಾರ. ಪುಟ್ಟಗೌರಿಯ ತಾಯಿ ರೇಷನ್ ಕಾರ್ಡಿನ ಕಾಪಿ ತೆಗೆಸಲು ಮಗಳನ್ನು ಕರೆದುಕೊಂಡು ಬಂದಿದ್ದಳು. ಸ್ಕೂಲಿಗೆ ಸೇರಿ ಆರು ತಿಂಗಳಾದರೂ ಆ ಹುಡುಗಿ ಕ್ಲಾಸಿನಲ್ಲಿ ಬಾಯೇ ಬಿಟ್ಟಿರಲಿಲ್ಲವಂತೆ. ಹಾಳೆ ತೆಗೆಸಲು ಬಂದಿದ್ದ ಟೀಚರಮ್ಮ ಅವಳ ಕಡೆ ನೋಡದವರ ಹಾಗೆ ನಿಂತಿದ್ದರು. ಮಿಷನ್ನಿನಿಂದ ಬಾಳೆಹಣ್ಣಿನ ಲೆಕ್ಕದ ಬಿಸಿಬಿಸಿ ಹಾಳೆ ಬಂದು ತಟ್ಟೆಯ ಮೇಲೆ ಬಿದ್ದಾಗ ಆ ಮಗು ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ‘ಪು-ಟ್ಟ-ಗೌ-ರಿ’ ಎಂದಿತು. ತಾಯಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಟೀಚರಮ್ಮ ಮಾತ್ರ, ‘ಹ್ಞೂಂ, ಉಳ್ದಿದ್ದು ಎಷ್ಟು ಹಣ್ಣು ಹೇಳು ನೋಡಾನ’ ಎಂದು ಲೆಕ್ಕಕ್ಕೇ ಹೋದರು.

ಇಷ್ಟು ಮಕ್ಕಳ ಹೆಸರು ಬರೆದವರು ತಮ್ಮ ಹೆಸರನ್ನು ಯಾವ ಹಾಳೆಯಲ್ಲೂ ಬರೆಯಲಿಲ್ಲ.

ಈಗ ದಾರದ ವಿಷಯ. ನನ್ನ ಹತ್ತಿರ ಎರಡು ಮಿಷನ್ ಇದ್ದವು. ಹಳೆಯದರ ಒಳಗೆ ಒಮ್ಮೆ ಸ್ಟೇಪ್ಲರ್ ಪಿನ್ನು ಸೇರಿಕೊಂಡು, ಕಾಗದಕ್ಕೆ ಅಚ್ಚು ಒತ್ತುವ ಡ್ರಮ್ಮಿನ ಮೇಲೆ ಗೀರು ಬಿತ್ತು. ಅಂದಿನಿಂದ ಅದರಲ್ಲಿ ಯಾವ ಕಾಪಿ ತೆಗೆದರೂ ಹಾಳೆಯ ಬಲಗಡೆ ಮೇಲಿಂದ ಕೆಳತನಕ ಒಂದು ಸಣ್ಣ ಕಪ್ಪು ಗೆರೆ. ಸರ್ವೆ ನಕ್ಷೆ ತಂದಿದ್ದ ಮೂಗೂರಿನ ಒಬ್ಬರು, ‘ಏನ್ ಸಾ, ನಮ್ ಜಮೀನ್ಗೆ ಹೊಸಾ ಬೇಲಿ ಹಾಕ್ಬುಟ್ರಿ’ ಎಂದು ನಗಾಡಿದ್ದರು. ಎಲ್ಲರಿಗೂ ಹೊಸ ಮಿಷನ್ನಿನಲ್ಲಿ ತೆಗೆದುಕೊಡಲು ಶುರುಮಾಡಿದೆ. ಟೀಚರಮ್ಮನವರ ಮೀನಿನ ಹಾಳೆಯ ಮೇಲೆ ಗೆರೆ ಬಿದ್ದ ದಿನ ನಾನು ಮುಖ ಚಿಕ್ಕದು ಮಾಡಿಕೊಂಡು ಬೇರೆ ತೆಗೆಯಲು ಹೋದೆ. ಅವರು ತಡೆದು, ಹಾಳೆಯನ್ನು ದೂರ ಹಿಡಿದು ನೋಡಿದರು. ಮುಂದಿನ ಶನಿವಾರ ತಂದ ಹಾಳೆಯಲ್ಲಿ ಬಲಗಡೆ ಒಂದು ಗಾಳಿಪಟ, ಕೆಳಗೆ ಅದನ್ನು ಹಿಡಿದ ಕೈ. ನಡುವೆ ಏನೂ ಇಲ್ಲ. ‘ಹಳೇದ್ರಲ್ಲೇ ಹಾಕಿ’ ಎಂದರು. ಹಾಕಿದೆ. ಪಟಕ್ಕೂ ಕೈಗೂ ಸರಿಯಾಗಿ ದಾರ ಬಿತ್ತು.

‘ಇದನ್ನ ಮಾತ್ರ ರಿಪೇರಿ ಮಾಡಿಸ್ಬ್ಯಾಡಿ ಅಣ್ಣಾ’ ಎಂದರು. ‘ಮೀನಿನ ಹಾಳೆ ಕೊಟ್ಟಾಗ ನಮ್ ಮಕ್ಳು ಆ ಗೆರೆಗೆ ಕಪಿಲೆ ಹೊಳೆ ಅಂತ ನೀಲಿ ಬಣ್ಣ ಬಳುದ್ರೆ ಸಾಕು, ನಾಕು ಜನ ಅಲ್ಲೇ ಈಜಾಡ್ತಾರೆ.’

ಆರು ವರ್ಷ ಹಾಗೇ ನಡೆಯಿತು. ಹಳೆಯ ಮಿಷನ್ನು ಅವರೊಬ್ಬರಿಗಾಗಿಯೇ ಇದ್ದ ಹಾಗಾಯಿತು. ಗೆರೆ ಎಲ್ಲಿ ಬೀಳುತ್ತದೆ ಎಂದು ಅವರಿಗೆ ಅಳತೆ ಕೈಗೆ ಬಂದುಬಿಟ್ಟಿತ್ತು. ಮೂಲ ಹಾಳೆಯಲ್ಲಿ ದಾರ ಇಲ್ಲ, ನನ್ನ ಕಾಪಿಯಲ್ಲಿ ಇದೆ. ಇದು ನನ್ನನ್ನೂ ಅವರನ್ನೂ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ನನ್ನ ಮಗಳನ್ನು ಟಿ. ನರಸೀಪುರಕ್ಕೆ ಕೊಟ್ಟಿದ್ದೆ. ಅವಳ ಮಾವ, ನಮ್ಮ ಬೀಗರು, ಅಲ್ಲಿ ಮೂರನೇ ಕ್ಲಾಸಿನವರೆಗೆ ಒಂದು ಇಂಗ್ಲಿಷ್ ಸ್ಕೂಲು ನಡೆಸುತ್ತಿದ್ದರು. ಮೊಮ್ಮಗಳಿಗೆ ಆಗಲಿ ಅಂತ ಟೀಚರಮ್ಮನ ಹಾಳೆಗಳನ್ನು ಒಂದೊಂದು ಹೆಚ್ಚಿಗೆ ತೆಗೆದಿಟ್ಟುಕೊಂಡು ಹೋಗಿ ಕೊಡುತ್ತಿದ್ದೆ. ಅದನ್ನು ಟೀಚರಮ್ಮನಿಗೆ ಹೇಳಿರಲಿಲ್ಲ. ಹೇಳಿದ್ದರೆ ಸಂತೋಷವಾಗಿ ಕೊಡುತ್ತಿದ್ದರು. ಮಗು ಬೇಗ ಓದುವುದು ಕಲಿತಿತು. ಬೀಗರು ಹಾಳೆಗಳನ್ನು ತಿರುವಿ ಹಾಕಿ, ಯಾರು ಮಾಡಿದ್ದು ಅಂತ ಕೇಳಿದರು. ಮದುವೆಯಾದಂದಿನಿಂದ ಆ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳಿದವರಲ್ಲ. ಜೆರಾಕ್ಸ್ ಅಂಗಡಿಯವನು ಎಂದು ಒಂದು ಸದರ. ಅವತ್ತು ಕೇಳಿದ್ದಕ್ಕೆ ಎದೆ ಉಬ್ಬಿ, ‘ನಮ್ಮಲ್ಲೇ ಮಾಡ್ತೀವಿ’ ಎಂದುಬಿಟ್ಟೆ.

ಬೀಗರು ತಮ್ಮ ಸ್ಕೂಲಿನ ಮಕ್ಕಳಿಗೆ ಮಾತ್ರ ಅಂತ ಒಂದು ಸೆಟ್ ಕೇಳಿದರು. ಆದರೆ, ‘ಬೀಗ್ರೇ, ಈ ಅಳ್ಳಿ ಹೆಸ್ರೆಲ್ಲ ತೆಗೀಬೇಕು. ನಮ್ ಪೇರೆಂಟ್ಸ್ ಒಪ್ಪಕ್ಕಿಲ್ಲ’ ಎಂದರು. ಅಂಗಡಿಗೆ ಬಂದು ಮೂರು ಮಧ್ಯಾಹ್ನ ವೈಟ್ನರ್ ಹಿಡಿದುಕೊಂಡು ಕೂತೆ. ಸಿದ್ದುವನ್ನು ಅಳಿಸಿದೆ. ಚಿಕ್ಕತಾಯಿಯನ್ನು ಅಳಿಸಿದೆ. ಪುಟ್ಟಗೌರಿಯ ಹೆಸರಿನ ಹತ್ತಿರ ಕೈ ಸ್ವಲ್ಪ ನಿಂತದ್ದು ನಿಜ. ನಿಂತು, ಮುಂದೆ ಹೋಯಿತು. ಅಲ್ಲಿಗೆಲ್ಲ ರವಿ, ರಾಣಿ ಅಂತ ಟೈಪು ಮಾಡಿಸಿದ ಚೀಟಿ ಅಂಟಿಸಿ ಹಳೆಯ ಮಿಷನ್ನಿನಲ್ಲೇ ತೆಗೆದೆ. ಕಾಪಿಯ ಮೇಲೆ ಕಾಪಿ ಆದ್ದರಿಂದ ದಾರ ಇನ್ನಷ್ಟು ದಪ್ಪವಾಗಿ ಬಂತು. ಆ ಗೆರೆ ನೋಡಿ ನೋಡಿ ನನ್ನ ಕಣ್ಣಿಗೆ ಅದು ಕಾಣಿಸುವುದೇ ನಿಂತುಹೋಗಿತ್ತು.

ಬೀಗರು ಅದಕ್ಕೆ ತಮ್ಮ ಸ್ಕೂಲಿನ ಸೀಲು ಹಾಕಿ, ಪಿಡಿಎಫ್ ಮಾಡಿ ಊರೂರಿಗೆ ವಾಟ್ಸಾಪಿನಲ್ಲಿ ಬಿಟ್ಟರು. ನನಗೆ ತಿಳಿದದ್ದು ಯಾರೋ ಬಂದು ಫೋನು ಮುಂದೆ ಚಾಚಿ, ಇದನ್ನು ಪ್ರಿಂಟ್ ತೆಗೆದುಕೊಡಿ ಎಂದಾಗ. ನೋಡಿದರೆ ನಾನು ವೈಟ್ನರ್ ಹಚ್ಚಿದ ಗುರುತು ಸಮೇತ ಅದೇ ಹಾಳೆಗಳು. ಮೋಸ ಹೋದೆ ಅನ್ನಿಸಿ ಮೈ ಉರಿಯಿತು. ಬೀಗರಿಗೆ ಫೋನು ಮಾಡಿದೆ. ‘ಒಳ್ಳೇದ ನಾಕು ಜನಕ್ಕೆ ಹಂಚುದ್ರೆ ತಪ್ಪಾ ಬೀಗ್ರೇ? ನೀವೇ ಮಾಡಿದ್ದು ತಾನೆ?’ ಎಂದರು. ಫೋನು ಇಟ್ಟೆ. ಮೋಸ ಹೋದವನ ಹಾಗೆ ಸಿಟ್ಟು ಮಾಡಿಕೊಳ್ಳುವ ಹಕ್ಕೂ ನನಗೆ ಇರಲಿಲ್ಲ.

ಸ್ವಲ್ಪ ದಿನಕ್ಕೆ ಒಂದು ಸೋಮವಾರ ಟೀಚರಮ್ಮ ಬಂದರು. ಸೋಮವಾರ ಬಂದವರೇ ಅಲ್ಲ. ನಡೆದದ್ದು ಇಷ್ಟು: ಸುತ್ತಲ ಶಾಲೆಗಳ ಮೇಷ್ಟ್ರುಗಳೆಲ್ಲ ಸೇರಿದ ಮೀಟಿಂಗಿನಲ್ಲಿ ಇವರ ಹಾಳೆಗಳನ್ನು ಎಲ್ಲ ಶಾಲೆಗೂ ಕೊಡೋಣ ಎಂದು ಮಾತು ಬಂದಿದೆ. ಅಷ್ಟರಲ್ಲಿ ಒಬ್ಬರು ಫೋನು ತೆಗೆದು ಆ ಪಿಡಿಎಫ್ ತೋರಿಸಿದ್ದಾರೆ. ಇವರು ತಮ್ಮ ಮೂಲ ಹಾಳೆಗಳನ್ನು ಮುಂದಿಟ್ಟರೆ, ಅದೇ ಇವರಿಗೆ ತಿರುಗುಬಾಣವಾಗಿದೆ. ‘ನೋಡಿ, ಕದ್ದು ಬರ್ಕೊಳ್ಳೋ ಅವಸರದಲ್ಲಿ ಪಟಕ್ಕೆ ದಾರಾನೇ ಬಿಟ್ಟವ್ರೆ’ ಎಂದು ಒಬ್ಬರು ಅಂದರಂತೆ. ಎಲ್ಲ ನಕ್ಕರಂತೆ. ದಾರ ಬಿದ್ದ ಕಾಪಿಗಳನ್ನು ಮಕ್ಕಳಿಗೇ ಕೊಟ್ಟುಬಿಡುತ್ತಿದ್ದರು, ಅವು ಹರಿದುಹೋಗಿ ತೋರಿಸಲು ಒಂದೂ ಉಳಿದಿರಲಿಲ್ಲ. ಸಾಕ್ಷಿ ತನ್ನಿ, ಇಲ್ಲವಾದರೆ ತಪ್ಪೊಪ್ಪಿಗೆ ಬರೆದುಕೊಡಿ ಎಂದು ಆ ಶಾಲೆಗಳನ್ನು ನೋಡಿಕೊಳ್ಳುವ ಮೇಷ್ಟ್ರು ಹೇಳಿದ್ದರು.

ನನ್ನ ಮೇಲೆ ಅವರಿಗೆ ಒಂದು ಎಳೆಯಷ್ಟೂ ಅನುಮಾನ ಇರಲಿಲ್ಲ. ‘ನಿಮ್ ಅಂಗ್ಡೀಲಿ ಯಾರೋ ಹಾಳೆ ಎತ್ಕೊಂಡ್ ಹೋಗವ್ರೆ ಅಣ್ಣಾ, ಪಾಪ ನಿಮ್ಗೂ ಗೊತ್ತಾಗಿಲ್ಲ’ ಎಂದರು. ‘ನಂಗೆ ಹೆಸ್ರು ಬ್ಯಾಡ. ಕದ್ ಬರೀಬ್ಯಾಡಿ ಅಂತ ಮಕ್ಳಿಗೆ ಹೇಳೋ ಬಾಯಿ ಇದು. ಶುಕ್ರವಾರ ಮೇಷ್ಟ್ರನ್ನ ಕರ್ಕೊಂಡ್ ಬತ್ತೀನಿ. ಪಟದ ಹಾಳೆ ಹಳೇ ಮಿಷನ್ನಿಗೆ ಹಾಕಿ ಒಂದ್ ಸಲ ತೋರ್ಸಿಬಿಡಿ. ದಾರ ಬೀಳ್ತದಲ್ಲ, ಅದೇ ಸಾಕು.’

ನನ್ನ ಅಳಿಯ ಅವತ್ತು ಅಂಗಡಿಯ ಸ್ಟೂಲಿನ ಮೇಲೆ ಟೀ ಕುಡಿಯುತ್ತ ಕೂತಿದ್ದ. ಅವರು ಹೋದ ಮೇಲೆ ಲೋಟ ಕೆಳಗಿಟ್ಟು, ‘ಮಾವ, ಅಪ್ಪನ ಸ್ಕೂಲಿನ ಮರ್ಯಾದೆ ಹೋದ್ರೆ ನಿಮ್ ಮಗಳು ನಮ್ ಮನೇಲಿ ತಲೆ ಎತ್ಕೊಂಡ್ ಇರ್ಬೇಕಲ್ವಾ’ ಎಂದ. ಬೆದರಿಸಲಿಲ್ಲ. ಮೆತ್ತಗೆ ಹೇಳಿದ. ಅವನ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವುದಿಲ್ಲ. ಮಂಗಳವಾರ ಮೆಕ್ಯಾನಿಕ್ಕಿಗೆ ಫೋನು ಮಾಡಿದ್ದು ನಾನೇ. ಬುಧವಾರ ಅವನು ಹೊಸ ಡ್ರಮ್ಮು ತಂದ. ‘ಇಷ್ಟ್ ವರ್ಷ ಬಿಟ್ಟು ಈಗ್ಯಾಕೆ ಸಾ? ಗುಜರಿಗಾಕೋ ಮಿಷನ್ನು’ ಎಂದ. ಹಾಕು ಅಂದೆ.

ಶುಕ್ರವಾರ ಮಧ್ಯಾಹ್ನ ಟೀಚರಮ್ಮ ಮೇಷ್ಟ್ರ ಜೊತೆ ಬಂದರು. ಮುಖದಲ್ಲಿ, ಮಕ್ಕಳಿಗೆ ಏನೋ ಸೋಜಿಗ ತೋರಿಸುವವರ ಗೆಲುವು. ಫೈಲಿನ ಗಂಟು ಬಿಚ್ಚಿ ಪಟದ ಹಾಳೆಯನ್ನು ತಾವೇ ಗಾಜಿನ ಮೇಲೆ ಸರಿಯಾಗಿ ಇಟ್ಟರು. ‘ನೋಡ್ತಾ ಇರಿ ಸಾರ್’ ಎಂದರು. ನಾನು ಬಟನ್ ಒತ್ತಿದೆ. ಬೆಳಕು ಈ ಕಡೆಯಿಂದ ಆ ಕಡೆಗೆ ಹೋಯಿತು. ಹಾಳೆ ಹೊರಗೆ ಬಂತು.

ಪಟ ಇತ್ತು. ಕೆಳಗೆ ಕೈ ಇತ್ತು. ನಡುವೆ ಬಿಳೀ ಕಾಗದ.

ಮೇಷ್ಟ್ರು ಇನ್ನೊಮ್ಮೆ ತೆಗೆಯಿರಿ ಎಂದರು. ತೆಗೆದೆ. ಹಾಗೇ ಬಂತು. ಅವರು ನನ್ನನ್ನು, ಈ ಮಿಷನ್ನಿನಲ್ಲಿ ಯಾವಾಗಲಾದರೂ ಗೆರೆ ಬೀಳುತ್ತಿತ್ತೇನ್ರೀ ಎಂದು ಕೇಳಿದರು. ಆಗಲಾದರೂ ಹೌದು ಅನ್ನಬಹುದಿತ್ತು. ದಿನಕ್ಕೆ ಎಷ್ಟೋ ಹಾಳೆ ಬರ್ತವೆ, ನೆನಪಿಲ್ಲ ಎಂದೆ.

ಟೀಚರಮ್ಮ ಆ ಹಾಳೆಯನ್ನು ಮೊದಲಿನ ಹಾಗೆಯೇ ದೂರ ಹಿಡಿದು ನೋಡಿದರು. ಆಮೇಲೆ ಮಿಷನ್ನು ನೋಡಿದರು. ಆಮೇಲೆ ನನ್ನನ್ನು. ಅವರಿಗೆ ಎಲ್ಲ ತಿಳಿದದ್ದು ನನಗೆ ತಿಳಿಯಿತು. ಅವರು ಬೈದಿದ್ದರೆ ಇಷ್ಟು ವರ್ಷ ನಾನು ಇದನ್ನು ಹೊರಬೇಕಾಗಿರಲಿಲ್ಲ.

‘ರಿಪೇರಿ ಮಾಡಿಸ್ಬಿಟ್ರಾ ಯಜಮಾನ್ರೇ’ ಎಂದರು. ‘ಒಳ್ಳೇದಾಯ್ತು ಬಿಡಿ.’

ಅಷ್ಟೇ. ಅಣ್ಣ ಅನ್ನುವುದು ಆ ದಿನಕ್ಕೆ ಮುಗಿಯಿತು. ಫೈಲು ಕಟ್ಟಲು ಹೋಗಿ ಗಂಟು ಬೀಳದೆ ಹಾಗೇ ಎದೆಗೆ ಅವುಚಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ತಪ್ಪೊಪ್ಪಿಗೆ ಬರೆದುಕೊಟ್ಟರು ಎಂದು ಆಮೇಲೆ ಕೇಳಿದೆ. ಎರಡೇ ಸಾಲು, ಕೆಳಗೆ ಪೂರ್ತಿ ಹೆಸರು. ಇಷ್ಟು ವರ್ಷ ಅಷ್ಟು ಹಾಳೆ ಬರೆದವರ ಹೆಸರು ಇರುವುದು ಆ ಒಂದು ಹಾಳೆಯಲ್ಲಿ ಮಾತ್ರ, ಅದೂ ನನ್ನ ತಪ್ಪಿನ ಕೆಳಗೆ. ಮುಂದೆ ತಮ್ಮ ಊರಿನ ಕಡೆಗೆ ವರ್ಗ ಮಾಡಿಸಿಕೊಂಡು ಅಲ್ಲೇ ರಿಟೈರ್ ಆದರಂತೆ. ಹಾಳೆ ಬರೆಯುವುದನ್ನು ಬಿಟ್ಟು ಸರ್ಕಾರ ಕೊಟ್ಟ ಪುಸ್ತಕವನ್ನೇ ಓದಿಸುತ್ತಿದ್ದರಂತೆ. ಅವರ ಊರು ಹೆಮ್ಮಿಗೆ. ಮಗಳ ಮನೆಗೆ ಹೋದಾಗಲೆಲ್ಲ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಹೆಮ್ಮಿಗೆಯ ಬಸ್ಸು ನೋಡುತ್ತೇನೆ. ಒಂದು ಸಲ ಹತ್ತಿ ಕೂತೂ ಇದ್ದೆ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ. ಬಾಯಿಗೆ ಊರಿನ ಹೆಸರು ಬರಲಿಲ್ಲ, ಇಳಿದುಬಿಟ್ಟೆ.

ಅವತ್ತು ಅವರು ಪಟದ ಮೂಲ ಹಾಳೆಯನ್ನು ಗಾಜಿನ ಮೇಲೆಯೇ ಬಿಟ್ಟು ಹೋಗಿದ್ದರು. ಸಂಜೆ ಮುಚ್ಚಳ ಎತ್ತಿದಾಗ ನೋಡಿದೆ. ತಂದುಕೊಡಲಿಲ್ಲ, ಹರಿಯಲೂ ಇಲ್ಲ. ಈಗ ಇದನ್ನು ಬರೆಯುತ್ತಿರುವ ಮೇಜಿನ ಮೇಲೆ ಅದೇ ಇದೆ. ಪಟಕ್ಕೆ ದಾರ ಎಳೆಯಲು ನನಗೆ ಅಧಿಕಾರವಿಲ್ಲ. ಆದರೆ ಹಾಳೆಯ ತಲೆಯಲ್ಲಿ ‘ಹೆಸರು’ ಎಂದು ಅವರೇ ಬರೆದು, ಮುಂದೆ ಚುಕ್ಕಿ ಸಾಲು ಬಿಟ್ಟಿದ್ದಾರೆ. ಅದು ಖಾಲಿ ಇದೆ. ಅಲ್ಲಿ ಬರೆಯುತ್ತಿದ್ದೇನೆ: ಹೆಮ್ಮಿಗೆಯ ಮಂಗಳಮ್ಮಣ್ಣಿ.